ಅಮಾವಾಸ್ಯೆ ಮರುದಿನದ ಟಪಾಲು

ಮಿಷಿನ್ನಿಗೆ ಯಾವ ವೈರಸ್ಸೂ ಹತ್ತಿರಲಿಲ್ಲ. ಹೊರಗಿನವರು ಯಾರೂ ಕೈ ಹಾಕಿರಲಿಲ್ಲ. ನನ್ನ ಸೊಸೆಗೆ ಕೆಲಸ ಬರುವುದಿಲ್ಲ ಅಂದಿದ್ದೂ ಸುಳ್ಳು. ಅಮಾವಾಸ್ಯೆ ದಿನ ನಾವು ಮೇನ್ ಸ್ವಿಚ್ ಇಳಿಸುತ್ತಿದ್ದೆವು, ಮಿಷಿನ್ನಿನ ಒಳಗಿದ್ದ ಗುಂಡಿಯಷ್ಟು ಸೆಲ್ ಸತ್ತಿತ್ತು, ಅದು ತಾರೀಖು ಮರೆಯಿತು. ನಡೆದದ್ದು ಇಷ್ಟೇ. ಇಷ್ಟನ್ನು ತಿಳಿಯುವುದರೊಳಗೆ ಒಂದು ಇಡೀ ದಿನ ನಮ್ಮ ಹೊಟ್ಟೆಗೆ ಅನ್ನ ಇಳಿಯಲಿಲ್ಲ.

ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಣಿಗೆ ಇಳಿದವಳು. ಕಣ್ಣು ಮಂಜಾಗಿ ಜರಿ ಎಳೆ ಕಾಣದೇ ಹೋದ ಮೇಲೆ ಗುಣಿ ಬಿಟ್ಟೆ. ಈಗ ಮೊಳಕಾಲ್ಮೂರಿನ ನಮ್ಮ ನೇಕಾರರ ಸಂಘದ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತೇನೆ. ಲಾಳಿಯ ಹೊಟ್ಟೆಯೊಳಗೆ ಕೂರಿಸುವ ರೇಷ್ಮೆಯ ಸಣ್ಣ ಸುರುಳಿ ಅದು, ಕಣ್ಣಿಲ್ಲದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ನನ್ನ ರಾಟೆ ಇರುವುದು ಶೆಡ್ಡಿನ ಮೂಲೆಯ ಸಣ್ಣ ಕೋಣೆಯ ಬಾಗಿಲ ಪಕ್ಕ. ಆ ಕೋಣೆಯೊಳಗೆ ನನ್ನ ಸೊಸೆ ಕೂರುತ್ತಾಳೆ.

ಅವಳು ನನ್ನಿವಾಳದ ಕಡೆಯವಳು. ತವರಿನಲ್ಲಿ ಶೇಂಗಾ ಹೊಲ, ಮಗ್ಗ ಇಲ್ಲ. ಚಳ್ಳಕೆರೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ನಮ್ಮ ಮನೆಗೆ ಬಂದಳು. ನಾವು ಮನೆಯೊಳಗೆ ತೆಲುಗು ಆಡುವವರು, ಅವಳು ಮೊದಲ ವರ್ಷವೆಲ್ಲ ನಮ್ಮ ಮುಖ ನೋಡಿ ಮಾತು ಊಹಿಸುತ್ತಿದ್ದಳು. ಮಗ ಅವಳಿಗೆ ನೇಯುವುದು ಕಲಿಸಿದ. ಕೆಲವು ವರ್ಷ ಗುಣಿಯಲ್ಲಿ ಕೂತಳು, ಕೈ ಚೆನ್ನಾಗಿಯೇ ಕೂತಿತು, ಬೆನ್ನು ಕೂರಲಿಲ್ಲ. ಇನ್ನೂ ಗುಣಿಯಲ್ಲಿ ಕೂತರೆ ಮುಂದೆ ಹಾಸಿಗೆಯಿಂದ ಏಳುವುದೇ ಕಷ್ಟ ಅಂದರು ಡಾಕ್ಟರು. ಅದೇ ಹೊತ್ತಿಗೆ ಸಂಘದ ಕೋಣೆಯ ಕೆಲಸ ಸಿಕ್ಕಿತು. ಆ ಕೆಲಸ ಹೋದರೆ ಮತ್ತೆ ಗುಣಿಯೇ. ನಮ್ಮ ಮನೆಯಲ್ಲಿ ಕೂತು ಉಣ್ಣುವವರು ಯಾರೂ ಇಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು, ಬಾಯಿ ಬಿಟ್ಟು ಆಡಿದ್ದಿಲ್ಲ.

ಕೋಣೆಯೊಳಗೆ ಇರುವುದು ಒಂದು ಕರಿ ಪೆಟ್ಟಿಗೆ. ಸಂಘದ ಟಪಾಲೆಲ್ಲ ಅದರೊಳಗೇ ಬಂದು ಅದರಿಂದಲೇ ಹೋಗುತ್ತದೆ. ಹಿಂದೆ ಯಾರೋ ಪುಣ್ಯಾತ್ಮರು ಕೊಟ್ಟು ಹೋದ ಮಿಷಿನ್ನು, ಯುನಿಕ್ಸ್ ಜಾತಿಯದು ಅನ್ನುತ್ತಾಳೆ ಸೊಸೆ. ಬಣ್ಣದ ಚಿತ್ರ ಗಿತ್ರ ಇಲ್ಲ, ಕರಿ ಪರದೆಯ ಮೇಲೆ ಬಿಳಿ ಅಕ್ಷರ, ಇವಳು ಏನಾದರೂ ಬರೆದರೆ ಅದು ಏನಾದರೂ ಬರೆಯುತ್ತದೆ. ಅದರೊಳಗೆ ಎರಡು ಕೆಲಸಗಳಿವೆ. ಒಂದು ಟಪಾಲು ಒಳಗೆ ತೆಗೆದುಕೊಳ್ಳುತ್ತದೆ. ಇನ್ನೊಂದು ಆ ಟಪಾಲಿನಲ್ಲಿ ಹೊಲಸು ಏನಾದರೂ ಐತಾ ಅಂತ ಮೂಸಿ ನೋಡಿ ಮುಂದಕ್ಕೆ ಬಿಡುತ್ತದೆ. ಅದಕ್ಕೆ ಆಂಟಿವೈರಸ್ ಅನ್ನುತ್ತಾರೆ. ಮೂಸುವವನು ಎದ್ದಿಲ್ಲ ಅಂದರೆ ಬಂದ ಟಪಾಲು ಬಾಗಿಲಲ್ಲೇ ಸಾಲು ನಿಲ್ಲುತ್ತದೆ, ಒಳಗೆ ಬರುವುದಿಲ್ಲ.

ಆ ದಿನ ಅವನು ಏಳಲಿಲ್ಲ.

ಅದು ಮೊದಲನೇ ಸಲವಾಗಿದ್ದರೆ ನಾನೂ ಸುಮ್ಮನೆ ರಾಟೆ ತಿರುಗಿಸುತ್ತಿದ್ದೆ. ಅದು ಮೂರನೇ ಸಲ. ಮೊದಲ ಸಲ ಚಳ್ಳಕೆರೆಯಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಅವನು ಕೂತು ಅದೂ ಇದೂ ಒತ್ತಿ, ಸರಿ ಮಾಡಿ, ಬಸ್ಸಿನ ಹೊತ್ತಾಯಿತು ಅಂತ ಎದ್ದ. ಏನು ಮಾಡಿದ್ರಿ ಅಂತ ಸೊಸೆ ಕೇಳಿದ್ದಕ್ಕೆ ಎಲ್ಲಾ ಒಂದು ಸಲ ಸರಿ ಮಾಡಿದೆ ಅಂದ, ಅಷ್ಟೇ. ಎರಡನೇ ಸಲ ಅವನಿಗೆ ಬರಲು ಆಗಲಿಲ್ಲ. ಮೂಸುವವನನ್ನು ಬಿಟ್ಟು ಟಪಾಲನ್ನು ನೇರವಾಗಿ ಒಳಗೆ ಬಿಡಿ, ನಾಳೆ ಬಂದು ನೋಡುತ್ತೇನೆ ಅಂತ ಫೋನಿನಲ್ಲೇ ಹೇಳಿದ. ಬೈಪಾಸ್ ಅಂತಾರೆ ಅದಕ್ಕೆ. ಬಿಟ್ಟರು. ಆ ಒಂದು ದಿನದಲ್ಲೇ ಎಲ್ಲಿಂದಲೋ ಒಂದು ಹೊಲಸು ಬಂದು, ನಮ್ಮ ಸಂಘದ ಹೆಸರು ಹೊತ್ತುಕೊಂಡು, ನಮ್ಮ ಸೀರೆ ಕೊಳ್ಳುವ ದೊಡ್ಡ ಅಂಗಡಿಯ ಆಫೀಸಿಗೆ ಹೋಗಿ ಕೂತಿತು. ಅವರು ಉಗಿದರು. ಉಗಿಸಿಕೊಂಡವಳು ಸೊಸೆ, ಯಾಕಂದರೆ ಕುರ್ಚಿಯಲ್ಲಿ ಇದ್ದವಳು ಅವಳು. ಇನ್ನೊಂದು ಸಲ ನಿಂತರೆ ಈ ಕೆಲಸ ಚಳ್ಳಕೆರೆಯವನಿಗೇ ವಹಿಸುತ್ತೇವೆ ಅಂತ ಕಮಿಟಿಯವರು ಅವಳ ಎದುರಿಗೇ ಹೇಳಿದರು.

ಮೂರನೇ ಸಲದ ದಿನವೇ ಬಣ್ಣದ ಟಪಾಲು ಬರಬೇಕಿತ್ತು. ಅಂಗಡಿಯವರು ಮುಂದಿನ ಸೀರೆಗಳ ಅಂಚಿನ ಬಣ್ಣ ಯಾವುದು ಅಂತ ನಂಬರ್ ಹಾಕಿ ಕಳಿಸುತ್ತಾರೆ, ಅದರ ಮೇಲೆ ಇಲ್ಲಿ ರೇಷ್ಮೆಗೆ ಬಣ್ಣ ಕಟ್ಟಬೇಕು. ಫೋನಿನಲ್ಲಿ ಹೇಳುವುದಿಲ್ಲ. ಹಿಂದೊಮ್ಮೆ ಫೋನಿನಲ್ಲಿ ಹೇಳಿ, ಇಲ್ಲಿ ಒಂದು ಕೇಳಿಸಿ, ಅಲ್ಲಿ ಒಂದು ಅಂದಿದ್ದೆ ಅಂದು, ದಾಳಿಂಬೆ ಹೂವಿನ ಬಣ್ಣದ ಜಾಗಕ್ಕೆ ಕುಂಕುಮದ ಬಣ್ಣ ಬಿದ್ದು ರಂಪ ಆಗಿತ್ತು. ಅಂದಿನಿಂದ ಟಪಾಲೇ, ಅದೂ ಸಂಘದ ವಿಳಾಸಕ್ಕೇ. ಸಂಜೆ ಕಮಿಟಿ ಕೂರುವುದಿತ್ತು. ಅಷ್ಟರೊಳಗೆ ಟಪಾಲು ಬಂದರೆ ಸೊಸೆ ಕುರ್ಚಿಯಲ್ಲಿ, ಇಲ್ಲದಿದ್ದರೆ ಗುಣಿಯಲ್ಲಿ.

ಬೆಳಿಗ್ಗೆ ಅವಳು ಬಂದವಳೇ ಬೀಗ ತೆಗೆದು ಕೂತಳು. ಸ್ವಲ್ಪ ಹೊತ್ತು ಟಕಟಕ ಕೇಳಿಸಿತು. ಆಮೇಲೆ ನಿಂತಿತು. ಟಕಟಕ ನಿಂತರೆ ನನ್ನ ಕಿವಿ ಆ ಕಡೆ ತಿರುಗುತ್ತದೆ. ಮಗ್ಗದಲ್ಲೂ ಹಾಗೇ, ಸದ್ದು ನಿಂತರೆ ಎಲ್ಲೋ ಎಳೆ ಹರಿದಿದೆ ಅಂತ.

ಏನಮ್ಮಾ ಅಂದೆ.

"ಎದ್ದೇಳು ಅಂದ್ರೆ ಎದ್ದೆ ಅಂತೈತೆ ಅತ್ತೆ. ತಿರುಗಿ ನೋಡೋದ್ರೊಳಗೆ ಮಲಗಿರ್ತದೆ."

ಸಂಘದ ಕಾರ್ಯದರ್ಶಿ ಬಂದ. ಕೆಟ್ಟವನಲ್ಲ, ನಾನು ನೇಯುವ ಕಾಲದಿಂದ ಕಂಡವನು, ಆದರೆ ಹೆದರಿದರೆ ಬೇರೆಯವರನ್ನೂ ಹೆದರಿಸುತ್ತಾನೆ. ಅಂಗಡಿಯವರಿಗೆ ಫೋನ್ ಮಾಡಿದ. ಕಳಿಸಿ ಆಗಲೇ ಹೊತ್ತಾಯಿತಲ್ಲ, ಬಂದಿಲ್ಲವಾ ಅಂದರಂತೆ. ಬಂದಿಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ನೋಡ್ತಿದ್ದೀವಿ ಅಂತ ಇಟ್ಟ. ಆಮೇಲೆ ಚಳ್ಳಕೆರೆಯವನಿಗೆ ಮಾಡಿದ. ಚಳ್ಳಕೆರೆಯವನು ಬೇರೆ ಊರಲ್ಲಿದ್ದಾನೆ, ನಾಳೆ ಬರುತ್ತಾನಂತೆ, ಈವತ್ತಿಗೆ ಅದೇ ಬೈಪಾಸ್ ಅಂದ.

"ಒಂದು ದಿನದ ಮಟ್ಟಿಗೆ ಬಿಟ್ಟುಬಿಡಮ್ಮ," ಅಂದ ಕಾರ್ಯದರ್ಶಿ.

"ಬಿಡಲ್ರಿ. ಹೋದ ಸಲ ಬಿಟ್ಟಿದ್ದಕ್ಕೇ ಇಲ್ಲಿಗೆ ಬಂದಿದ್ದೀವಿ."

"ಟಪಾಲು ಬರ್ಲಿಲ್ಲ ಅಂದ್ರೆ ಸಂಜೆ ನಾನೇನು ಹೇಳ್ಲಿ ಅವರಿಗೆ?"

ಅವಳು ಪರದೆ ಕಡೆ ತಿರುಗಿದಳು. ನಾನು ಒಳಗೊಳಗೇ ಬೈದುಕೊಂಡೆ, ಬಿಟ್ಟರೆ ಏನಾಗುತ್ತಿತ್ತು ಇವಳಿಗೆ, ಒಂದು ದಿನ ತಾನೇ ಅಂತ. ಆದರೆ ಹಾಳು ಬಣ್ಣದ ಎಳೆ ಸಿಕ್ಕಿದಾಗ ಈವತ್ತೊಂದು ದಿನ ಅಂತ ನಾನೂ ಎಂದೂ ನೇಯ್ದವಳಲ್ಲ. ರಾಟೆ ತಿರುಗಿಸಿದೆ.

ಮಧ್ಯಾಹ್ನದ ತನಕ ಅವಳು ಮಾಡಿದ್ದನ್ನೆಲ್ಲ ನನಗೆ ಹೇಳುತ್ತಲೇ ಮಾಡಿದಳು. ನನಗೆ ಅರ್ಥವಾಗಲಿ ಅಂತಲ್ಲ, ಬಾಯಲ್ಲಿ ಹೇಳಿದರೆ ಕೈ ತಪ್ಪುವುದಿಲ್ಲ ಅಂತ. ಈ ಮೂಸುವವನು ಕೆಲಸಕ್ಕೆ ಕೂತಾಗ ನಾನು ಕೂತಿದ್ದೇನೆ ಅಂತ ಒಂದು ಗುರುತು ಇಟ್ಟುಕೊಳ್ಳುತ್ತಾನಂತೆ. ಕರೆಂಟು ಧಡಕ್ಕನೆ ಹೋದರೆ ಗುರುತು ಹಾಗೇ ಉಳಿದು, ಮತ್ತೆ ಎದ್ದಾಗ ಇನ್ನೊಬ್ಬ ಯಾರೋ ಕೂತಿದ್ದಾನೆ ಅಂತ ತನ್ನ ಗುರುತಿಗೆ ತಾನೇ ಹೆದರಿ ಹಿಂದೆ ಸರಿಯುತ್ತಾನಂತೆ. ಆ ಹಳೇ ಗುರುತು ಇತ್ತು. ಅಳಿಸಿದಳು. ಆದರೂ ಏಳಲಿಲ್ಲ. ಆಮೇಲೆ ಅವನು ಬರೆಯುವ ಜಾಗ ಅವನ ಹೆಸರಿನಲ್ಲಿಲ್ಲ, ಚಳ್ಳಕೆರೆಯವನು ಮಿಷಿನ್ನಿನ ಯಜಮಾನನ, ಅಂದರೆ ರೂಟ್ ಅನ್ನುವ ಹೆಸರಿನಲ್ಲಿ ಕೆಲಸ ಮಾಡಿ ಹಾಗೇ ಬಿಟ್ಟು ಹೋಗಿದ್ದಾನೆ ಅಂದಳು. ಅದನ್ನೂ ಮೂಸುವವನ ಹೆಸರಿಗೆ ಮಾಡಿದಳು. ಏಳಲಿಲ್ಲ. ಮಿಷಿನ್ನಿನಲ್ಲಿ ಜಾಗ ಸಾಲದೇನೋ ಅಂತ ಬೇರೆ ಕೆಲಸಗಳನ್ನೆಲ್ಲ ನಿಲ್ಲಿಸಿದಳು. ಊಹೂಂ. ಯಾವುದು ಹೊಲಸು ಅಂತ ಮೂಸುವವನಿಗೆ ತಿಳಿಸುವ ರೋಗಗಳ ಗುರುತುಗಳು ಹಳೆಯವಾಗಿರಬೇಕು ಅಂತ ಹೊಸವನ್ನು ತರಿಸಲು ಹೋದಳು. ಕಳಿಸುವ ಕಡೆಯವರ ಸಹಿಯನ್ನೇ ಮಿಷಿನ್ನು ಒಪ್ಪಲಿಲ್ಲ. ಇಂಥ ಸಹಿ ನಡೆಯುವುದಿಲ್ಲ ಅಂತ ಬಾಗಿಲು ಹಾಕಿತು.

ಅಲ್ಲಿಗೆ ಅವಳು ಕುರ್ಚಿಗೆ ಒರಗಿದಳು. ಅವರ ಸಹಿಯೇ ಕೆಟ್ಟಿದ್ದರೆ ನನ್ನ ಕೈಲಿ ಏನೂ ಇಲ್ಲ ಅಂದಳು. ಬುತ್ತಿ ಬಿಚ್ಚಿಟ್ಟರೆ ಮುಟ್ಟಲಿಲ್ಲ. ನಾನೂ ಮುಟ್ಟದೆ ಮತ್ತೆ ಕಟ್ಟಿಟ್ಟೆ.

ಬಣ್ಣ ಕಟ್ಟುವವನು ಬಂದು ಬಾಗಿಲಿಗೆ ಒರಗಿದ. ಅವನಿಗೂ ನನ್ನಷ್ಟೇ ವಯಸ್ಸು, ಮೊಣಕೈ ತನಕ ಎಂದೂ ಹೋಗದ ನೀಲಿ. "ಏಮ್ಮಾ, ನೀರು ಕಾಯಿಸ್ಲೋ ಬ್ಯಾಡ್ವೋ? ನಿನ್ನ ಸೊಸೆ ಪೆಟ್ಟಿಗೆಗೆ ದೃಷ್ಟಿ ತಾಕೈತೆ. ಒಣಮೆಣಸಿನಕಾಯಿ ನಿವಾಳಿಸು, ಇಲ್ಲ ಗೌರಸಮುದ್ರದ ಮಾರಮ್ಮಗೆ ಒಂದು ಕಾಯಿ ಹೇಳ್ಕೊ."

"ಮೆಣಸಿನಕಾಯಿ ನಿನ್ನ ಬಾಯಿಗೆ ನಿವಾಳಿಸ್ತೀನಿ. ಹೋಗಿ ನೀರು ಕಾಯಿಸು."

"ಯಾವ ಬಣ್ಣಕ್ಕೆ ಕಾಯಿಸ್ಲಿ?"

"ನೀರಿಗೆ ಬಣ್ಣ ಇಲ್ಲ, ಕಾಯಿಸು."

ಅವನು ನಕ್ಕುಕೊಂಡು ಹೋದ. ಒಳಗಿನಿಂದ ಸೊಸೆ ನಗಲಿಲ್ಲ. ಅವಳ ಕೈ ಬೆನ್ನಿನ ಮೇಲೆ ಹೋಗಿತ್ತು, ಗುಣಿಯಲ್ಲಿದ್ದಾಗ ಹಿಡಿದುಕೊಳ್ಳುತ್ತಿದ್ದ ಜಾಗದ ಮೇಲೇ. ಕುರ್ಚಿಗೆ ಬಂದ ಮೇಲೆ ಹಾಗೆ ಹಿಡಿದುಕೊಂಡಿದ್ದನ್ನು ನಾನು ನೋಡಿರಲಿಲ್ಲ.

ಬಿಸಿಲು ಬಾಗಿಲಿನಿಂದ ಒಳಗೆ ಬರುವ ಹೊತ್ತಿಗೆ ಅವಳು ಮಿಷಿನ್ನು ತಾನಾಗಿ ಬರೆದಿಟ್ಟುಕೊಂಡಿರುವ ಸಾಲುಗಳನ್ನು ಮತ್ತೆ ಓದಲು ಕೂತಳು. ಏನಾಯಿತು, ಯಾವಾಗ ಆಯಿತು ಅಂತ ಅದು ಒಂದೊಂದೇ ಸಾಲು ಬರೆಯುತ್ತದೆ. ಲಾಗ್ ಅನ್ನುತ್ತಾರೆ. ಬೆಳಿಗ್ಗೆಯಿಂದ ಅವಳು ಅದನ್ನು ಕಣ್ಣಲ್ಲೇ ಓದಿದ್ದಳು, ಸಾಲಿನ ಬಲಗಡೆ ತುದಿಯನ್ನು ಮಾತ್ರ. ಏನಾಯಿತು ಅನ್ನುವುದು ಆ ತುದಿಯಲ್ಲಿರುತ್ತದೆ. ಎಡಗಡೆ ಇರುವುದು ತಾರೀಖು, ಅದನ್ನು ಯಾರು ಓದುತ್ತಾರೆ. ಈಗ ಕಣ್ಣು ಸೋತು ಸಾಲನ್ನು ಮೊದಲಿಂದ ಬಾಯಿಬಿಟ್ಟು ಓದಿದಳು. ಒಂದು ಸಾಲು ಓದಿದಳು. ಎರಡನೇದು ಓದಿದಳು. ಮೂರನೇದರಲ್ಲಿ ವರ್ಷ ಹೇಳಿ ನಿಂತಳು.

ನಾನು ರಾಟೆ ನಿಲ್ಲಿಸಿದೆ.

"ಅತ್ತೆ," ಅಂದಳು, "ಇದು ನಾನು ನಿಮ್ಮ ಮನೆಗೆ ಇನ್ನೂ ಬಂದೇ ಇಲ್ಲದ ವರ್ಷದಾಗೈತೆ."

ನನಗೆ ತಲೆಬುಡ ತಿಳಿಯಲಿಲ್ಲ. ಅವಳು ಹೇಳಿದಳು. ಮಿಷಿನ್ನು ತನ್ನ ತಾರೀಖನ್ನು ವರ್ಷಗಟ್ಟಲೆ ಹಿಂದಕ್ಕೆ ತೆಗೆದುಕೊಂಡು ಹೋಗಿದೆ. ಈಗಿನ ಕಾಲದ ಸಹಿ ಅದರ ಲೆಕ್ಕದಲ್ಲಿ ಇನ್ನೂ ಹಾಕಿಯೇ ಇಲ್ಲ, ಹಾಗಾಗಿ ಒಪ್ಪುತ್ತಿಲ್ಲ. ರೋಗದ ಗುರುತುಗಳು ಮುಂದೆಂದೋ ಬರಬೇಕಾದವು, ಈಗ ಹೇಗೆ ಬಂದವು ಅಂತ ಮೂಸುವವನು ಹೆದರಿ ಮಲಗುತ್ತಿದ್ದಾನೆ. ಮಿಕ್ಕಿದ್ದೆಲ್ಲ ಸರಿಯಾಗಿಯೇ ಇದೆ.

ತಾರೀಖು ಹೇಗೆ ಮರೆತೀತು ಅಂದೆ. ಒಳಗೊಂದು ಸಣ್ಣ ಸೆಲ್ ಇರುತ್ತದಂತೆ, ಕರೆಂಟಿಲ್ಲದ ಹೊತ್ತಿನಲ್ಲಿ ಅದು ತಾರೀಖನ್ನು ಹಿಡಿದುಕೊಂಡಿರುತ್ತದೆ. ಅದು ಸತ್ತಿರಬೇಕು. ಆದರೆ ಸೆಲ್ ಸತ್ತರೂ ಮೇಜಿನ ಕೆಳಗೆ ಯುಪಿಎಸ್ ಅನ್ನುವ ಬ್ಯಾಟರಿ ಪೆಟ್ಟಿಗೆ ಇದೆ, ಕರೆಂಟು ಒಂದು ಗಳಿಗೆ ಹೋಗಿ ಬಂದರೆ ಮಿಷಿನ್ನು ಆರುವುದಿಲ್ಲ. ಬಹಳ ಹೊತ್ತು ಕರೆಂಟೇ ಇಲ್ಲದಿದ್ದರೆ ಮಾತ್ರ ಹೀಗಾಗಬೇಕು. "ನಿನ್ನೆ ಊರಾಗೆ ಅಷ್ಟು ಹೊತ್ತು ಕರೆಂಟ್ ಹೋಗಿತ್ತಾ ಅತ್ತೆ?"

ಊರಿನಲ್ಲಿ ಹೋಗಿರಲಿಲ್ಲ. ಶೆಡ್ಡಿನಲ್ಲಿ ಹೋಗಿತ್ತು. ನಿನ್ನೆ ಅಮಾವಾಸ್ಯೆ.

ನಮ್ಮಲ್ಲಿ ಅಮಾವಾಸ್ಯೆ ದಿನ ಮಗ್ಗ ಮುಟ್ಟುವುದಿಲ್ಲ. ಗುಣಿ ಗುಡಿಸಿ, ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು ಬಿಡುತ್ತೇವೆ. ನನ್ನ ಅತ್ತೆಯ ಕಾಲದಲ್ಲಿ ಬರೀ ಮಗ್ಗವಿತ್ತು, ಲಾಳಿ ಮೇಲೆತ್ತಿಟ್ಟರೆ ಮುಗಿಯಿತು. ಶೆಡ್ಡಿಗೆ ನೂಲು ಸುತ್ತುವ ಮೋಟಾರು ಬಂದ ಮೇಲೆ, ಮಗ್ಗ ಸುಮ್ಮನಿದ್ದು ಮೋಟಾರು ಓಡಿದರೆ ಏನು ಬಂತು ಅಂತ ಹಿರಿಯರೆಲ್ಲ ಮಾತಾಡಿ, ಮೇನ್ ಸ್ವಿಚ್ಚಿನ ಹಿಡಿಯನ್ನೇ ಇಳಿಸಿ ಅದಕ್ಕೆ ಅರಿಶಿನದ ದಾರ ಕಟ್ಟುವುದು ಅಂತಾಯಿತು. ಶೆಡ್ಡಿನ ಹಿರೇ ಹೆಂಗಸು ಅಂತ ಆ ಕೆಲಸ ನನ್ನ ಪಾಲಿನದು. ಅಮಾವಾಸ್ಯೆ ಬೆಳಿಗ್ಗೆ ಇಳಿಸಿ ಕಟ್ಟುತ್ತೇನೆ, ಮರುದಿನ ಬೆಳಕಾಗುವ ಹೊತ್ತಿಗೆ ಬಿಚ್ಚಿ ಏರಿಸುತ್ತೇನೆ. ಸೊಸೆ ಆವತ್ತು ರಜಾ, ಮರುದಿನ ಅವಳು ಬರುವುದರೊಳಗೆ ಕರೆಂಟು ಬಂದು ಮಿಷಿನ್ನು ತಾನಾಗಿ ಎದ್ದಿರುತ್ತದೆ. ಅವಳ ಕೋಣೆಗೆ ಬೇರೆ ಲೈನು ಐತೆ ಅಂತ ಅವಳು ಅಂದುಕೊಂಡಿದ್ದಳು. ಅದರ ಬಗ್ಗೆ ನಾನು ಏನೂ ಅಂದುಕೊಂಡಿರಲೇ ಇಲ್ಲ. ಸೆಲ್ ಬದುಕಿರುವ ತನಕ ಅದು ತಾರೀಖು ಹಿಡಿದುಕೊಂಡಿತ್ತು, ಯಾರಿಗೂ ತೊಂದರೆ ಆಗಲಿಲ್ಲ. ಹಿಂದಿನ ಎರಡು ಸಲವೂ ಅಮಾವಾಸ್ಯೆಯ ಮರುದಿನವೇ ಅಂತ ಇಬ್ಬರೂ ಬೆರಳು ಮಡಿಸಿ ನೋಡಿದೆವು. ಚಳ್ಳಕೆರೆಯವನು ಬಂದಾಗೆಲ್ಲ ತಾರೀಖನ್ನೂ ತಿದ್ದಿ, ಅದನ್ನು ಹೇಳದೇ ಹೋಗಿರಬೇಕು ಅಂದಳು.

ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. "ನನ್ನ ಮುಖದಾಗೇನೈತೆ, ತಾರೀಖು ತಿದ್ದು," ಅಂದೆ.

ತಿದ್ದಿದಳು. ತಾರೀಖನ್ನು ಹೊರಗಿನಿಂದ ಕೇಳಿಕೊಂಡು ತಾನೇ ತಿದ್ದಿಕೊಳ್ಳುವ ಒಂದು ಕೆಲಸ ಇರುತ್ತದಂತೆ, ನಮ್ಮ ಮಿಷಿನ್ನಿಗೆ ಅದನ್ನು ಯಾರೂ ಹಾಕಿರಲಿಲ್ಲ, ಅದನ್ನೂ ಹಾಕಿದಳು. ಹೊಸ ಗುರುತುಗಳು ಬಂದವು. ಎದ್ದೇಳು ಅಂತ ಬರೆದಳು. ಎದ್ದೆ ಅಂದಿತು. ನಾವಿಬ್ಬರೂ ಪರದೆ ನೋಡುತ್ತಾ ನಿಂತೆವು. ಬೆಳಿಗ್ಗೆಯಿಂದ ಹತ್ತಾರು ಸಲ ಎದ್ದೆ ಅಂದು ಮಲಗಿದ್ದಿತು, ಈಗಲೂ ಮಲಗುತ್ತದೆ ಅಂತಲೇ ನಾನು ಕಾದೆ. ಮಲಗಲಿಲ್ಲ.

ಬಾಗಿಲಲ್ಲಿ ಸಾಲು ನಿಂತಿದ್ದ ಟಪಾಲು ಒಂದೊಂದಾಗಿ ಒಳಗೆ ಬರತೊಡಗಿತು. ಯಾರದೋ ಮದುವೆಗೆ ಸೀರೆ ಬೇಕು ಅನ್ನುವವರದು, ರೇಷ್ಮೆ ಮಾರುವವರದು, ಬೇಡದ ಜಾಹೀರಾತುಗಳು. ಬಣ್ಣದ್ದು ಇರಲಿಲ್ಲ. ಹೊರಗೆ ಕಮಿಟಿಯವರ ಚಪ್ಪಲಿ ಸದ್ದು ಕೇಳಿಸಿತು, ಕಾರ್ಯದರ್ಶಿ ಚಾಪೆ ಹಾಸುತ್ತಿದ್ದ. ಸೊಸೆ ಏನೂ ಒತ್ತದೆ ಮೇಜಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಆ ಟಪಾಲನ್ನು ಮಿಷಿನ್ನು ಮೊದಲೇ ವಾಪಸ್ ಅಟ್ಟಿಬಿಟ್ಟಿದ್ದರೆ ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ. ಕೊನೆಗೆ ಬಂತು, ಎಲ್ಲಕ್ಕಿಂತ ಹಿಂದೆ. ಚಿತ್ರ ಅಂಟಿಸಿಕೊಂಡು ತೂಕವಾಗಿದ್ದಕ್ಕೆ ಮೂಸಲು ಹೊತ್ತು ಹಿಡಿಯಿತಂತೆ. ದಾಳಿಂಬೆ ಹೂವಿನ ಬಣ್ಣ. ನಾನೇ ಹೋಗಿ ಬಣ್ಣ ಕಟ್ಟುವವನಿಗೆ ಹೇಳಿ ಬಂದೆ.

ಕಮಿಟಿಯವರು ಟಪಾಲು ಬಂತು ಅಂತ ಬಿಡುವವರಲ್ಲ. ಯಾಕೆ ನಿಂತಿತ್ತು, ಇನ್ನು ಮುಂದೆ ನಿಲ್ಲುವುದಿಲ್ಲ ಅಂತ ಹೇಗೆ ನಂಬುವುದು ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ. ಸೊಸೆ ಸೆಲ್ಲಿನ ವಿಷಯ ಹೇಳಿದಳು. ಸೆಲ್ ಈವತ್ತು ಸತ್ತಿತಾ ಅಂದರು. ಅಲ್ಲ ಅಂದಳು. ಮತ್ತೆ ಈವತ್ತೇ ಯಾಕೆ ಅಂದರು. ಅವಳು ತಲೆ ತಗ್ಗಿಸಿ ಸುಮ್ಮನಾದಳು. ಅಲ್ಲಿ ಕೂತಿದ್ದವರೆಲ್ಲ ಸ್ವಿಚ್ಚಿಗೆ ದಾರ ಕಟ್ಟಬೇಕು ಅಂತ ತೀರ್ಮಾನ ಮಾಡಿದ ಹಿರಿಯರೇ, ಹೊರಗಿನಿಂದ ಬಂದ ಹುಡುಗಿ ಅಮಾವಾಸ್ಯೆಯ ಮೇಲೆ ತಪ್ಪು ಹೊರಿಸಿದಳು ಅಂದರೆ ಟಪಾಲು ಬಂದರೂ ಅವಳ ಕೆಲಸ ಉಳಿಯುವುದಿಲ್ಲ. ಅವಳು ಸುಮ್ಮನಿದ್ದರೆ ಉತ್ತರ ಗೊತ್ತಿಲ್ಲ ಅಂತಾಗುತ್ತದೆ, ಆಗಲೂ ಹೋಗುತ್ತದೆ.

"ಅಮಾವಾಸ್ಯೆಗೆ ಸ್ವಿಚ್ ಇಳಿಸ್ತೀವಲ್ರಿ, ಅದಕ್ಕೆ," ಅಂದೆ ನಾನು.

ಒಬ್ಬ ಹಿರಿಯ ಕೆಮ್ಮಿದ. ಈಗ ಅಮಾವಾಸ್ಯೆಗೂ ಮಗ್ಗ ಓಡಿಸೋಣ ಅಂತೀಯಾ ಅಂದ.

"ಮಗ್ಗ ಓಡಿಸು ಅಂತ ಯಾರಂದ್ರು? ಮಗ್ಗಕ್ಕೆ ರಜಾ ಕೊಡ್ರಿ, ನಾನೇ ದಾರ ಕಟ್ತೀನಿ. ಟಪಾಲಿಗೆ ಯಾವ ಕಾಲದಾಗೆ ರಜಾ ಕೊಟ್ಟಿದ್ವಿ? ನಿಮ್ಮಪ್ಪ ಸತ್ತ ತಾರು ಅಮಾವಾಸ್ಯೆ ದಿನಾನೇ ಬಂದಿದ್ದು. ತಗೊಂಡ್ರೋ, ವಾಪಸ್ ಕಳ್ಸಿದ್ರೋ?"

ಅವನ ಅಪ್ಪ ಹೊರ ಊರಿನಲ್ಲಿ ಸತ್ತದ್ದು, ತಾರು ಹಿಡಿದು ಅಂಚೆಯವನು ಬಾಗಿಲಿಗೆ ಬಂದದ್ದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಹಿರಿಯನೇ ಕೋಣೆಗೆ ಬೇರೆ ಲೈನು ಎಳೆಸಿ ಅಂತ ಕಾರ್ಯದರ್ಶಿಗೆ ಹೇಳಿದ. ಚಳ್ಳಕೆರೆಯವನಿಗೆ ಬರುವುದು ಬೇಡ ಅಂತ ಫೋನ್ ಮಾಡು ಅಂತಲೂ ಹೇಳಿದ. ನನ್ನ ಕಡೆ ನೋಡಲಿಲ್ಲ. ಇನ್ನೂ ಸರಿಯಾಗಿ ನೋಡುವುದಿಲ್ಲ.

ಮನೆಗೆ ನಡೆಯುವಾಗ ಸೊಸೆ ಏನೋ ಹೇಳಲು ಬಾಯಿ ತೆರೆದಳು. ಬುತ್ತಿ ಹಾಗೇ ಉಳಿದಿದೆ, ಬಿಸಿ ಮಾಡು ಅಂದೆ. ಮಿಷಿನ್ನನ್ನು ಕ್ರಮವಾಗಿ ನಿಲ್ಲಿಸಿ, ಸತ್ತ ಸೆಲ್ ಬಿಚ್ಚಿ ತಂದಿದ್ದಳು. ಅದನ್ನು ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಪೇಟೆಯ ವಾಚು ರಿಪೇರಿಯ ಸಾಹೇಬರು ಶಟರ್ ಎತ್ತುವ ಮೊದಲೇ ಹೋಗಿ ಕಟ್ಟೆಯ ಮೇಲೆ ಕೂತೆ. ಅವರು ಬಂದು, ಸುಬೂ ಸುಬೂ, ಇಷ್ಟು ಬೆಳಿಗ್ಗೆ ಯಾಕೆ ಅಮ್ಮಾ, ಗಡಿಯಾರ ಎಲ್ಲಿ ಅಂದರು. ಗಂಟು ಬಿಚ್ಚಿ ಸೆಲ್ ಅವರ ಅಂಗೈಗೆ ಹಾಕಿ, ಗಡಿಯಾರದ್ದಲ್ಲ, ಇಂಥದ್ದೇ ಎರಡು ಕೊಡ್ರಿ, ಒಂದು ಹಾಕೋಕೆ, ಒಂದು ಇಟ್ಕೊಳ್ಳೋಕೆ ಅಂದೆ.